ಅರ್ಥ ಹೇಳುವವರ ಮಣೆ

ಅರವತ್ತರ ದಶಕದ ಮೊದಲಲ್ಲಿ ನಾನು ಯಳಂದೂರಿನಲ್ಲಿ ಮೇಷ್ಟರಾಗಿದ್ದೆ. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದವನಿಗೆ ಜನರನ್ನು ತಿದ್ದುವ ಆತುರ. ಓದಿದ್ದು ಎಂದರೆ ಪರೀಕ್ಷೆಯ ಗೈಡು; ಮೂಲಗ್ರಂಥಗಳನ್ನು ಲೈಬ್ರರಿಯ ಗಾಜಿನಾಚೆಗಷ್ಟೇ ಕಂಡಿದ್ದೆ.

ಹತ್ತಿರದ ಅಗರ ಗ್ರಾಮದ ಮಠದಲ್ಲಿ ಶ್ರಾವಣದ ಸಂಜೆಗಳಲ್ಲಿ ಪುರಾಣ ನಡೆಯುತ್ತಿತ್ತು. ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಅರ್ಥ ಹೇಳುವವರ ಮಣೆ ಒಬ್ಬ ವೃದ್ಧ ರೈತರಿಗೆ ತಂದೆಯಿಂದ ಬಂದಿತ್ತು. ಗದ್ದೆಯಿಂದ ಬಂದು, ಮಿಂದು, ವಿಭೂತಿ ಧರಿಸಿ ಅದರ ಮೇಲೆ ಕೂತರೆಂದರೆ ಅವರ ಸ್ವಂತ ಮಗನೂ ‘ನೀವು’ ಎನ್ನುತ್ತಿದ್ದ. ಅವರಿಗೆ ಅಕ್ಷರ ಬಾರದೆಂದು ನನ್ನ ವಿದ್ಯಾರ್ಥಿಯೊಬ್ಬ ಹೇಳಿದ. ಅಂದೇ ಸಂಜೆ ಹೋದೆ.

ಮೂಲವನ್ನು ಕಾಣದವನು ಹೇಳುವ ಅರ್ಥ ಎಂಜಲು ಎಂದು ಸಭೆಯ ಮುಂದೆ ವಾದಿಸಿದೆ. ಪುಸ್ತಕವನ್ನು ಅವರ ಕೈಗಿತ್ತು ಒಂದೇ ಸಾಲು ಓದಿ ಎಂದೆ. ಕಣ್ಣು ಮಂಜೆಂದರು. ಉತ್ತರ ಸಿದ್ಧವಿತ್ತು: ನನ್ನ ಕನ್ನಡಕವನ್ನೇ ಕಳಚಿ ಕೊಟ್ಟೆ. ಅವರು ಅದನ್ನು ಹಾಕಿಕೊಂಡು ಪುಟವನ್ನೇ ನೋಡುತ್ತ ಕೂತರು.

“ಕನ್ನಡ್ಕ ಇಕ್ಕಂಡ್ರೆ ಅಕ್ಸರ ಉಟ್ಟದಾ ತಾತ?” ಎಂದ ಹಿಂದಿನ ಸಾಲಿನ ಯುವಕನೊಬ್ಬ. ಮಠವೆಲ್ಲ ನಕ್ಕಿತು. ಮಗನೂ ನಕ್ಕ.

ಅವರು ಕನ್ನಡಕವನ್ನು ಪಂಚೆಯಲ್ಲಿ ಒರೆಸಿ ಹಿಂದಿರುಗಿಸಿದರು. “ಎಂಜಲೇ ಸರಿ ಸಾ. ನಮ್ಮಪ್ಪ ಏಳ್ಕೊಟ್ಟಿದ್ದನ್ನೇ ನಾನು ಏಳ್ತಿದ್ದಿ. ನೀವು ಮೂಲವ ಓದಿದ್ದೀರಾ?”

ಓದಿದ್ದೇನೆ ಎಂದೆ.

ಅವರು ಎದ್ದು ಮಣೆಯನ್ನು ಅಂಗೈಯಿಂದ ಒರೆಸಿ ನನ್ನತ್ತ ಸರಿಸಿದರು.

ಆ ತಿಂಗಳು ಪೂರ್ತಿ ಅರ್ಥ ಹೇಳಿದವನು ನಾನು. ಪದ್ಯ ಯಾವುದೇ ಇರಲಿ, ಬೆಳಿಗ್ಗೆ ಗೈಡಿನಲ್ಲಿ ಕಣ್ಣಾಡಿಸಿದ್ದನ್ನು ಒಂದನೆಯದು, ಎರಡನೆಯದು ಎಂದು ಒಪ್ಪಿಸುತ್ತಿದ್ದೆ. ಕೇಳುಗರು ತೂಕಡಿಸಿದರು, ಕ್ರಮೇಣ ಕಡಿಮೆಯಾದರು. ಆ ವೃದ್ಧರು ಮಾತ್ರ ಒಂದು ದಿನವೂ ತಪ್ಪಿಸದೆ ಕಂಬಕ್ಕೊರಗಿ ನೆಲದ ಮೇಲೆ ಕೂರುತ್ತಿದ್ದರು. ಮಗ ಈಗ ಅವರನ್ನು ಮಠದಲ್ಲೂ ‘ನೀನು’ ಎನ್ನುತ್ತಿದ್ದ.

ಪುರಾಣ ಮುಗಿದ ದಿನ ಬಾಗಿಲಲ್ಲಿ ನನಗಾಗಿ ಕಾದಿದ್ದರು. “ಈ ವರ್ಸ ನಂಗೆ ಒಂದೂ ತಿಳೀನಿಲ್ಲ ಸಾ,” ಎಂದರು. “ಮೂಲ ಅಂದ್ರೆ ಅಂಗೇ ಇರ್ತದೇನೋ.”

ಆಗಲಾದರೂ ನಿಜ ಹೇಳಬಹುದಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಹೌದು, ಹಾಗೆಯೇ ಇರುತ್ತದೆ ಎಂದೆ. ಅವರು ಕೈ ಮುಗಿದರು.