ಬ್ಯಾಳಿ ಬಿಟ್ಟ ಮೈ

ಸೀರಿ ಸುಡುವ ವಾಸನಿ ಮೊದಲು ಬಡಿದದ್ದು ಬಾಣಂತಿ ಮಗಳಿಗೆ.

"ಯವ್ವಾ, ನಿನ್ನ ಕಾಲು!"

ಎಷ್ಟೋ ವರ್ಷ ಕಾದ ಮೇಲೆ ಹುಟ್ಟಿದ ಮೊಮ್ಮಗಳು. ಖುಷಿಯಲ್ಲಿ ಮೋರಖಂಡಿಯ ನಮ್ಮ ಮನೆಯಲ್ಲಿ ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡ ಇಟ್ಟು ಲೋಬಾನದ ಹೊಗಿ ಹಾಕುತ್ತಿದ್ದೆ. ಸಕ್ಕರಿ ಬ್ಯಾನಿಯಿಂದ ನನ್ನ ಪಾದ ಮರಗಟ್ಟಿವೆ. ಸೀರಿ ನೆರಿಗಿಗೆ ಬೆಂಕಿ ಹತ್ತಿ ಉರಿ ಮೊಣಕಾಲಿಗೆ ಬಂದರೂ ತಿಳಿಯಲಿಲ್ಲ. ಕೈಯಿಂದ ಬಡಿದು ಆರಿಸಿದೆ. ಕೈಯೂ ಸುಟ್ಟಿತು.

ಬಸವಕಲ್ಯಾಣದಲ್ಲಿ ಪಟ್ಟಿ ಕಟ್ಟಿ ಹುಮನಾಬಾದಿಗೆ ಕಳಿಸಿದರು. ಅಲ್ಲಿ ಡಾಕ್ಟರ್ ಮೇಡಂ ನನ್ನ ವಯಸ್ಸು ಕೇಳಿ ಮತ್ತೊಮ್ಮೆ ಗಾಯ ನೋಡಿದರು.

ಕೂಸನ್ನು ಇನ್ನೊಮ್ಮೆ ಎತ್ತಿಕೊಳ್ಳುತ್ತೇನೋ ಇಲ್ಲೋ ಅನಿಸಿತು.

ನೋಡಿಕೊಳ್ಳಲು ಹುಡಗಿ ಎಂಬ ಊರಿನಿಂದ ನನ್ನ ಅಕ್ಕ ಬಂದಳು. ಗಾಯ ಆದವರು ತೊಗರಿಬ್ಯಾಳಿ ತಿಂದರೆ ಕೀವು ಆಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ಮೊಸರನ್ನೂ ಬಿಡಿಸಿದಳು. ದವಾಖಾನಿಯ ಬ್ಯಾಳಿ ಆಕೆ ಉಂಡಳು, ನಾನು ಗಂಜಿ ಕುಡಿದೆ. ಪಟ್ಟಿ ಬಿಚ್ಚಿದಾಗಲೆಲ್ಲ ಗಾಯ ಹಸಿ. ಜ್ವರ. ತೊಡೆಯ ಚರ್ಮ ತೆಗೆದು ಕಾಲಿಗೆ ಹಚ್ಚಿದರು, ಗ್ರಾಫ್ಟಿಂಗ್ ಅಂತ. ಹತ್ತಲಿಲ್ಲ. ತೊಡೆಯದೂ ಒಂದು ಗಾಯವಾಯಿತು.

ಬಾಜೂ ಕಾಟಿನಲ್ಲಿ ನಿರ್ಣಾ ಊರಿನ ಮುದುಕಿ ಇದ್ದಳು. ನನಗಿಂತ ಕಡಿಮೆ ಸುಟ್ಟಿತ್ತು. ಮಲಗಿ ಮಲಗಿ ಎದೆಯಲ್ಲಿ ಕಫ ಕಟ್ಟಿತು.

ಒಂದು ಮುಂಜಾನೆ ಆಕೆಯ ಹಾಸಿಗೆ ಮಡಚಿಟ್ಟಿದ್ದರು.

ಅದೇ ದಿನ ಮೇಡಂ ನನ್ನ ಗಂಜಿ ತಾಟು ನೋಡಿದರು. "ಬರೇ ಇದೇನ್ರಿ?"

"ಪಥ್ಯರಿ," ಅಂದಳು ಅಕ್ಕ.

"ಹರೇದವರ ಮೈಯಾಗ ಕಸುವು ಕೂಡಿಟ್ಟಿರ್ತದ. ಈ ಅಜ್ಜಿ ಮೈಯಾಗ ಏನದ? ಚರ್ಮ ತೆಳು, ಮ್ಯಾಲ ಸಕ್ಕರಿ. ಉಣ್ಣಲಿಲ್ಲಂದ್ರ ಹೊಸ ಚರ್ಮ ಎಲ್ಲಿಂದ ಬರಬೇಕು?"

"ಕೀವು ಆದ್ರ ಹ್ಯಾಂಗ್ರಿ?"

"ಬ್ಯಾಳಿ ತಿನ್ನದೇ ಕೀವು ಆಗ್ಯಾದಲ್ಲ ಯವ್ವಾ, ನೋಡಿಲ್ಲಿ!"

ಅಕ್ಕ ಗಂಜಿ ತಾಟು ಎತ್ತಿ ಬದಿಗಿಟ್ಟಳು. ಮಧ್ಯಾಹ್ನ ಬ್ಯಾಳಿಯಲ್ಲಿ ಅನ್ನ ಕಲಸಿ, ಕಣ್ಣೀರು ಒರಸಿಕೊಳ್ಳುತ್ತ ತುತ್ತು ಬಾಯಿಗಿಟ್ಟಳು. "ತಿನ್ನ, ನನ್ನ ಬೈಕೋತ ತಿನ್ನ."

ಎರಡನೇ ಸಲ ಹಚ್ಚಿದ ಚರ್ಮ ಹತ್ತಿತು. ಎಲ್ಲಾ ಅಲ್ಲ.

ಈಗ ಮನೆಯಲ್ಲಿದ್ದೇನೆ. ಹಿಮ್ಮಡಿ ಇನ್ನೂ ಸೋರುತ್ತದೆ, ಕೋಲಿಲ್ಲದೆ ನಡೆಯಲಾರೆ. ಬಲಗೈ ಬೆರಳು ಮಡಚಿದ್ದು ಬಿಚ್ಚುವುದಿಲ್ಲ. ಇವೆಲ್ಲ ಮೊದಲಿನಂತೆ ಆಗುವುದಿಲ್ಲ ಅಂತ ಮೇಡಂ ಹೇಳಿದ್ದಾರೆ. ಕೂಸಿಗೂ ಈಗ ಹೊಗಿ ಇಲ್ಲ, ಕೆಂಡ ಇಲ್ಲ.

ನಿನ್ನೆ ಮಗಳು ಕೂಸನ್ನು ತಂದು ನನ್ನ ಮಡಿಲಿಗಿಟ್ಟಳು. ಎಂಥಾ ಖುಷಿ ಅಂತೀರಿ! ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಕೂಸು ನನ್ನ ಮಡಚಿದ ಬೆರಳು ಹಿಡಿದು ಎಳೆಯಿತು.

"ನೋಯಾಕತ್ತದೇನವ್ವಾ?" ಮಗಳು ಬಿಡಿಸಲು ಬಂದಳು.

ನೋಯುತ್ತಿತ್ತು. ಬಿಡಿಸಬೇಡ ಅಂದೆ. ಕೂಸು ಹಿಡಿದದ್ದು ನನಗೆ ತಿಳಿಯುತ್ತಿತ್ತಲ್ಲ.