ಪಿಳ್ಳಮ್ಮನ ಹಿತ್ತಿಲಿನ ಸಿಗ್ನಲ್ಲು

"ಕೆಂಪು ಕಂಪ್ನಿಯೋರು ಕಲ್ತಾವ ಓಗಿ. ನೀಲಿಯೋರು ಮೆಟ್ಲ್ ಮ್ಯಾಲೆ. ಅಳ್ದಿ ಯಾರಪ್ಪಾ? ಕೋಳಿಗೂಡ್ ಪಕ್ಕ ನಿಂತ್ಕೊಳಿ, ಕೋಳಿ ಏನೂ ಮಾಡಾಕಿಲ್ಲ!"

ಸಂಜೆಯಾದರೆ ಸಾಕು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ತೆಂಗಿನ ಪೊರಕೆ ಹಿಡಿದ ಪಿಳ್ಳಮ್ಮ ತಮ್ಮ ಹಿತ್ತಿಲಿಗೆ ಬಂದವರನ್ನು ಹೀಗೆ ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದರು. ಹೆಸರು ಪಿಳ್ಳಮ್ಮ, ಆಳು ಮಾತ್ರ ಬಾಗಿಲು ತುಂಬುವಂಥವರು. ಅವರ ಹತ್ತಿರ ಫೋನೇ ಇರಲಿಲ್ಲ. ಆದರೂ ಅಲ್ಲಾಳಸಂದ್ರ ಕೆರೆಯ ಕಡೆಗೆ ಇಳಿಯುವ ನಮ್ಮ ಬೀದಿಯಲ್ಲಿ ಯಾರಿಗೆ ಫೋನ್ ಮಾಡಬೇಕಾದರೂ ಪಿಳ್ಳಮ್ಮನ ಅಪ್ಪಣೆ ಬೇಕಾಗಿತ್ತು.

ಕಾರಣ ಇಷ್ಟೇ. ನಮ್ಮ ಬೀದಿ ತಗ್ಗಿನಲ್ಲಿತ್ತು, ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಒಳಗೆ ಯಾವ ಕಂಪನಿಯ ಸಿಗ್ನಲ್ಲೂ ನುಗ್ಗುತ್ತಿರಲಿಲ್ಲ. ಪಿಳ್ಳಮ್ಮನವರ ಹಳೆಯ ಹೆಂಚಿನ ಮನೆಯ ಹಿಂದೆ ಮಾತ್ರ ಎರಡು ಎತ್ತರದ ಕಟ್ಟಡಗಳ ನಡುವೆ ಒಂದು ಕಿಂಡಿಯಂಥ ಜಾಗವಿತ್ತು. ಆ ಕಿಂಡಿಯಲ್ಲಿ ಕೆರೆಯಾಚೆಯ ಟವರುಗಳು ಕಾಣುತ್ತಿದ್ದವು. ಕಂಪನಿಗಳ ಹೆಸರು ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ. ಸಿಮ್ ಮಾರುವವರು ಮೇನ್ ರೋಡಿನಲ್ಲಿ ಬಿಚ್ಚಿಡುತ್ತಿದ್ದ ಕೊಡೆಯ ಬಣ್ಣವೇ ಹೆಸರು.

ನಾವು ಆ ಬೀದಿಗೆ ಬಾಡಿಗೆಗೆ ಬಂದ ಹೊಸದರಲ್ಲಿ ನಾನು ಫೋನನ್ನು ತಲೆಯ ಮೇಲೆತ್ತಿ ಅಂಗಳದಲ್ಲಿ ಸುತ್ತುತ್ತಿದ್ದೆ. ಕಾಂಪೌಂಡಿನ ಆಚೆಯಿಂದ ದನಿ ಬಂತು.

"ಏನಮ್ಮಾ, ಕಾಗೆ ಓಡುಸ್ತಿದ್ದೀಯಾ?"

"ಇಲ್ಲಮ್ಮ, ಸಿಗ್ನಲ್ ಹುಡುಕ್ತಿದ್ದೀನಿ."

"ಯಾವ್ ಬಣ್ಣ?"

"ಕೆಂಪು."

"ಬಾ ಇಲ್ಲಿ. ಒಗ್ಯೋ ಕಲ್ ಮ್ಯಾಲೆ ಕುಂತ್ಕೊಂಡು ನುಗ್ಗೇಮರದ ಕಡೆ ಮಕ ಮಾಡು."

ಕೂತೆ. ಯಶವಂತಪುರದಲ್ಲಿದ್ದ ನನ್ನ ಅಮ್ಮನ ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿ ಕೇಳಿಸಿತು. ಆದರೆ ಕಾನ್ವೆಂಟಿನ ಸಿಸ್ಟರುಗಳು ನನಗೆ ಮೆಲ್ಲಗೆ ಮಾತಾಡುವುದನ್ನು ಚಿಕ್ಕಂದಿನಲ್ಲೇ ಕಲಿಸಿಬಿಟ್ಟಿದ್ದರು. ಪಿಳ್ಳಮ್ಮನಿಗೆ ಅದು ಸರಿಬರಲಿಲ್ಲ. "ಒಸಿ ಜೋರಾಗ್ ಮಾತಾಡು ಕಾನ್ವೆಂಟಮ್ಮ. ಪಕ್ಕದಾಗಿರೋ ನಂಗೇ ಕೇಳ್ಸಾಕಿಲ್ಲ, ಅಷ್ಟ್ ದೂರದ ಟವರ್‌ಗೆ ಎಂಗ್ ಕೇಳುಸ್ತದೆ?" ಎಂದರು. ಟವರಿಗಿಂತ ಅವರಿಗೇ ಕೇಳಿಸಬೇಕಾಗಿತ್ತು ಎಂಬುದು ನನಗೆ ಹೊಳೆದದ್ದು ಆಮೇಲೆ. ಅಮ್ಮ ಮಂಡಿನೋವು ಎಂದರೆ ಇವರು ಪೊರಕೆ ನಿಲ್ಲಿಸಿ, "ಬಿಸಿ ಉಪ್ಪಿನ ಸಾಕ ಕೊಟ್ಕೊಳಾಕ್ ಯೋಳು!" ಎಂದು ಕೂಗುತ್ತಿದ್ದರು. ಕೆಲವೇ ದಿನಗಳಲ್ಲಿ ಅಮ್ಮ, "ಸಾಕು ನಿನ್ ಮಾತು, ಪಿಳ್ಳಮ್ಮಂಗೆ ಕೊಡು" ಎನ್ನುವ ಹಂತಕ್ಕೆ ಬಂದರು.

ಪಿಳ್ಳಮ್ಮನ ಮಗ ಸ್ಕೂಲ್ ವ್ಯಾನ್ ಓಡಿಸುತ್ತಿದ್ದ, ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಹಗಲೆಲ್ಲ ಆ ಮನೆಯಲ್ಲಿ ಪಿಳ್ಳಮ್ಮ ಒಬ್ಬರೇ. "ಮನೆ ಅಂದ್ಮ್ಯಾಲೆ ಮಾತಿರ್ಬೇಕು ಕಣಮ್ಮ. ಮಾತಿಲ್ದಿದ್ ಮನೆ ಗೋಡೌನು" ಎನ್ನುತ್ತಿದ್ದರು. ಅದಕ್ಕೇ ಇರಬೇಕು, ಹಿತ್ತಿಲ ಬಾಗಿಲಿಗೆ ಅವರು ಅಗುಳಿ ಹಾಕಿದ್ದನ್ನು ನಾನು ಕಂಡಿಲ್ಲ.

ನಂಬರ್ ಬದಲಿಸದೆಯೇ ಕಂಪನಿ ಬದಲಿಸಬಹುದು ಎಂದಾದ ಮೇಲಂತೂ ಹಿತ್ತಿಲಿಗೆ ಹೊಸ ಕಳೆ ಬಂತು. ಮೂಲೆಮನೆಯ ಆಟೋದವರು ಒಂದು ಹಬ್ಬಕ್ಕೆ ಕಲ್ಲಿನಲ್ಲಿದ್ದರೆ ಇನ್ನೊಂದು ಹಬ್ಬಕ್ಕೆ ಮೆಟ್ಟಿಲಿನಲ್ಲಿರುತ್ತಿದ್ದರು. "ಎಲೆಕ್ಷನ್ ಬಂದಂಗೆ ಪಾರ್ಟಿ ಬದ್ಲಾಯಿಸ್ತಾನೆ ನೋಡು" ಎಂದು ಪಿಳ್ಳಮ್ಮ ನಗುತ್ತಿದ್ದರು. ಯಾವ ಕಂಪನಿ ದರ ಇಳಿಸಿದೆ ಎಂದು ತಿಳಿಯಲು ನಾವು ಪೇಪರ್ ನೋಡಬೇಕಾಗಿರಲಿಲ್ಲ. ಕೋಳಿಗೂಡಿನ ಬಳಿ ಜನ ಹೆಚ್ಚಾದರೆ ಹಳದಿಯವರು ಏನೋ ಕೊಡುತ್ತಿದ್ದಾರೆ ಎಂದರ್ಥ.

ನೀಲಿ ಮೆಟ್ಟಿಲಿನ ಖಾಯಂ ಗಿರಾಕಿ ಬಸವರಾಜ ಮೇಷ್ಟ್ರು. ಗದಗಿನವರು, ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾ ನಮ್ಮ ಬೀದಿಯಲ್ಲಿ ಒಂಟಿ ಕೋಣೆ ಹಿಡಿದಿದ್ದರು. ಅವರ ಮದುವೆಯ ಮಾತುಕತೆಯೆಲ್ಲ ಆ ಮೆಟ್ಟಿಲ ಮೇಲೇ ನಡೆಯಿತು. ಒಂದು ಸಂಜೆ ಹುಡುಗಿಯ ತಾಯಿ ಲೈನಿನಲ್ಲಿದ್ದರು. ಮೇಷ್ಟ್ರು ತಮ್ಮ ಗುಣಗಳನ್ನು ತಾವೇ ಸಂಕೋಚದಿಂದ ಹೇಳಿಕೊಳ್ಳುತ್ತಿದ್ದಾಗ ಪಿಳ್ಳಮ್ಮ ಹಿಂದಿನಿಂದ, "ಉಡ್ಗ ಚಿನ್ನದಂಥೋನು ಕಣಮ್ಮೋ! ಬಟ್ಟೆ ಮಾತ್ರ ನೆನ್ಸಿ ನಾರೋಗಂಟ ಬಿಡ್ತಾನೆ!" ಎಂದುಬಿಟ್ಟರು.

ಮೇಷ್ಟ್ರು ಫೋನಿಗೆ ಕೈ ಮುಚ್ಚಿ, "ಅಮ್ಮಾರ, ಸ್ವಲ್ಪ ಸುಮ್ಕಿರ್ರೀ! ಬೀಗ್ರು ಕೇಳಾಕತ್ತಾರ!" ಎಂದು ಬೆವೆತುಹೋದರು. ಆದರೆ ಆ ಕಡೆಯ ತಾಯಿ ನಕ್ಕರಂತೆ. "ಖರೇ ಹೇಳೋ ಮಂದಿ ನಡುವ ಅದಾರ. ಮಗಳನ್ನ ಕೊಡಾಕ ಅಡ್ಡಿ ಇಲ್ಲ" ಎಂದರಂತೆ. ಮದುವೆಯಾಗಿ ಬಂದ ಹುಡುಗಿ ಮೊದಲು ನೋಡಲು ಹೋದದ್ದು ಆ ಮೆಟ್ಟಿಲನ್ನು.

ಅಷ್ಟರಲ್ಲಿ ನಮ್ಮೆಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದಿತ್ತು. ಅಕ್ಕನ ಮಗುವಿನ ಫೋಟೋ ತೆರೆಯಲು ಒಗೆಯುವ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದೆ. ಪರದೆಯ ನಡುವೆ ಒಂದು ಗೆರೆ ಗುಂಡಗೆ ಸುತ್ತುತ್ತಲೇ ಇರುತ್ತಿತ್ತು. ಪಿಳ್ಳಮ್ಮ ಅದಕ್ಕೆ ಗಾಣ ಎಂದು ಹೆಸರಿಟ್ಟಿದ್ದರು. "ಇನ್ನೂ ಗಾಣ ಸುತ್ತುತಾ ಐತಾ? ಸುತ್ಲಿ ಬಿಡು, ಅಷ್ಟೊತ್ಗೆ ಒಂದ್ ಲೋಟ ಕಾಫಿ ಕುಡಿ." ಲೋಟದ ಮೇಲೆ ಸ್ಟೀಲಿನ ಮುಚ್ಚಳ ಮುಚ್ಚಿ ತರುತ್ತಿದ್ದರು; ನುಗ್ಗೆಯ ಹೂವು ಉದುರಿ ಕಾಫಿಗೆ ಬೀಳುತ್ತದೆಂದು.

ಹಾಗಿರುವಾಗ ಹೊಸ ಕಂಪನಿಯೊಂದು ಬಂತು. ಮೇನ್ ರೋಡಿನ ಕಲ್ಯಾಣ ಮಂಟಪದ ನೆತ್ತಿಯ ಮೇಲೆ ಅದರ ಟವರ್ ಎದ್ದಿತು. ಮಾತು ಪುಕ್ಕಟೆ, ಇಂಟರ್‌ನೆಟ್ ಪುಕ್ಕಟೆ ಎಂದು ಬೀದಿಗೆ ಬೀದಿಯೇ ಹೆಬ್ಬೆಟ್ಟು ಒತ್ತಿ ಹೊಸ ಸಿಮ್ ಪಡೆಯಲು ಸಾಲು ನಿಂತಿತು. ಇದನ್ನು ಕಂಡು ಕೆಂಪು, ನೀಲಿಯವರೂ ಓಡೋಡಿ ಬಂದು ದರ ಇಳಿಸಿದರು; ಹಳದಿ ಕೊಡೆ ಒಂದು ದಿನ ಕಾಣದಂತಾಯಿತು. ಹೊಸ ಸಿಗ್ನಲ್ಲು ಅಡುಗೆಮನೆಗೂ ಬಂತು, ಬಚ್ಚಲಿಗೂ ಬಂತು. ಮಂಚದ ಮೇಲೆ ಮಲಗಿಯೇ ಸಿನಿಮಾ ನೋಡಬಹುದಾಗಿತ್ತು. ಗಾಣ ನಿಂತುಹೋಯಿತು.

ಪಿಳ್ಳಮ್ಮನ ಹಿತ್ತಿಲು ಖಾಲಿಯಾಯಿತು.

ಅವರು ಸುಲಭಕ್ಕೆ ಸೋಲುವವರಲ್ಲ. ಒಂದು ಸಂಜೆ ಕಾಂಪೌಂಡಿನ ಮೇಲೆ ಬಿಸ್ಕತ್ತಿನ ಹಳೇ ಡಬ್ಬವಿಟ್ಟುಕೊಂಡು ಬೀದಿಗೆಲ್ಲ ಕೇಳುವಂತೆ ಸಾರಿದರು: "ನಮ್ಮಿತ್ಲಾಗೆ ಬಂದ್ ಮಾತಾಡ್ದೋರ್ಗೆ ಚಕ್ಲಿ ಫ್ರೀ! ಕಾಫಿ ಅನ್‌ಲಿಮಿಟೆಡ್ಡು! ಓಲ್ಡ್ ಕಸ್ಟಮರ್‌ಗೆ ಕೋಡುಬಳೆ!" ಆಟೋದವರು ಬಂದು ಚಕ್ಕುಲಿ ತಿಂದು, "ಪಿಳ್ಳಕ್ಕ, ನಿಮ್ ಆಫರ್ ಸೂಪರ್" ಎಂದು ಹೇಳಿ, ಮಾತಾಡಲು ಮನೆಗೇ ಹೋದರು. ನಾನು ಹೋಗಿ ಕಲ್ಲಿನ ಮೇಲೆ ಕೂತೆ. "ನಿಂಗೆ ಮನೇಲೇ ಬತ್ತದಲ್ಲ, ಇಲ್ಲ್ಯಾಕ್ ಬಂದೆ?" ಎಂದು ಗದರಿದರೂ ಕಾಫಿ ತಂದರು.

ಇಲ್ಲಿ ನಮ್ಮ ಬೀದಿಯ ಒಂದು ಪದ್ಧತಿ ಹೇಳಬೇಕು. ಕೊಳಾಯಿಗೆ ನೀರು ಬಿಡುವವರು ಉದ್ದನೆಯ ಕಬ್ಬಿಣದ ಕೀ ಹಿಡಿದು ಬಂದು ಬೀದಿಬೀದಿಯ ವಾಲ್ವ್ ತಿರುಗಿಸುತ್ತಿದ್ದರು. ಬೇಸಿಗೆಯಲ್ಲಿ ಪಿಳ್ಳಮ್ಮ ಅವರಿಗೆ ಚಕ್ಕುಲಿ ಕಟ್ಟಿಕೊಡುತ್ತಿದ್ದರು. ಮಾರನೇ ದಿನ ನಮ್ಮ ಕೊಳಾಯಿ ಒಂದು ಬಿಂದಿಗೆಯಷ್ಟು ಹೆಚ್ಚು ಹೊತ್ತು ಹರಿಯುತ್ತಿತ್ತು. ಪಿಳ್ಳಮ್ಮನ ಲೆಕ್ಕದಲ್ಲಿ ಸಿಗ್ನಲ್ಲೂ ಹಾಗೇ. ಎಲ್ಲೋ ಯಾರೋ ವಾಲ್ವ್ ತಿರುಗಿಸುತ್ತಾರೆ.

ಒಂದು ಮಧ್ಯಾಹ್ನ ನನ್ನನ್ನು ಜೊತೆಗೆ ಕರೆದುಕೊಂಡು ಹೊಸ ಕಂಪನಿಯ ಕೊಡೆಯ ಹತ್ತಿರ ಹೋದರು. ಕೊಡೆಯಡಿ ಸಿಮ್ ಮಾರುತ್ತಿದ್ದ ಹುಡುಗಿ ಅಜ್ಜಿಗೆ ಸಿಮ್ ಬೇಕಿರಬೇಕೆಂದು ಹೆಬ್ಬೆಟ್ಟಿನ ಯಂತ್ರ ಮುಂದೆ ಸರಿಸಿದಳು. ಪಿಳ್ಳಮ್ಮ ಅದರ ಮೇಲೆ ಚಕ್ಕುಲಿಯ ಪೊಟ್ಟಣ ಇಟ್ಟರು.

"ತಾಯಿ, ನೀನೇ ಅಲ್ವಾ ಸಿಗ್ನಲ್ ಬಿಡೋಳು? ನಮ್ ಬೀದಿ ಮನೆಗೋಳ್ಗೆ ಒಸಿ ಕಮ್ಮಿ ಮಾಡು. ನಮ್ಮಿತ್ಲಿಗೆ ಮಾತ್ರ ಜಾಸ್ತಿ ಬಿಡು."

ಹುಡುಗಿ ನನ್ನ ಮುಖ ನೋಡಿದಳು. ನಾನು ಕೊಡೆಯ ಕಡ್ಡಿ ನೋಡಿದೆ. ಅವಳು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡು, "ಆಯ್ತಜ್ಜಿ, ನೋಡ್ತೀನಿ" ಎಂದಳು. ಬಲು ಒಳ್ಳೆಯ ಹುಡುಗಿ.

ಆ ವಾರವೇ ನೋಡಿ, ಸಂಜೆಯಾದರೆ ಹೊಸ ಸಿಗ್ನಲ್ಲಿಗೆ ಉಸಿರು ಕಟ್ಟಲು ಶುರುವಾಯಿತು. ಪುಕ್ಕಟೆಯೆಂದು ಎಲ್ಲರೂ ಒಟ್ಟಿಗೆ ಸಿನಿಮಾ ನೋಡಲು ಕೂತರೆ ಇನ್ನೇನಾದೀತು? ಮತ್ತೆ ಗಾಣ ಸುತ್ತಿತು. ಜನ ಹಳೆಯ ಸಿಮ್ ಹುಡುಕಿ ಹಾಕಿಕೊಂಡು ಒಬ್ಬೊಬ್ಬರಾಗಿ ಹಿತ್ತಿಲಿಗೆ ಬಂದರು. ಪಿಳ್ಳಮ್ಮನ ಮುಖ ನೋಡಬೇಕಾಗಿತ್ತು. ಪೊರಕೆ ಕೈಗೆ ಬಂತು. "ಕೆಂಪು ಕಲ್ತಾವ! ನೀಲಿ ಮೆಟ್ಲು!" ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: "ಕೈ ಬಲ ಐತೆ ಕಣಮ್ಮ ಆ ಉಡ್ಗೀಗೆ. ಚೆನ್ನಾಗಿ ತಿರುಗ್ಸವ್ಳೆ." ನಾನು ಹೂಂಗುಟ್ಟಿ ಕಲ್ಲಿನ ಮೇಲೆ ಕೂತೆ.

ಆ ಸಂಭ್ರಮ ಹೆಚ್ಚು ದಿನ ಇರಲಿಲ್ಲ. ಕಂಪನಿಗಳು ಪೈಪೋಟಿಗೆ ಬಿದ್ದು ಇನ್ನಷ್ಟು ಟವರ್ ನೆಟ್ಟವು. ಎಲ್ಲ ಬಣ್ಣವೂ ಎಲ್ಲ ಮನೆಗೂ ಬಂತು. ಒಗೆಯುವ ಕಲ್ಲಿನ ಮೇಲೆ ಪಿಳ್ಳಮ್ಮ ತಾವೇ ಕೂರತೊಡಗಿದರು. ಒಮ್ಮೆ ನಾನು ಕಾಂಪೌಂಡಿನಿಂದ ಇಣುಕಿದಾಗ ಅವರು ಕೋಳಿಗಳಿಗೆ ಮಂಡಿನೋವಿನ ಮದ್ದು ಹೇಳುತ್ತಿದ್ದರು. ನನ್ನನ್ನು ನೋಡಿ, "ಇವ್ಕೆ ಫೋನಿಲ್ಲ, ಅದ್ಕೇ ಮಾತ್ ಕೇಳ್ತವೆ" ಎಂದು ನಕ್ಕರು. ಆ ನಗು ಮೆಟ್ಟಿಲವರೆಗೂ ಹೋಗಲಿಲ್ಲ.

ಆಮೇಲೆ ದಾಯಾದಿಗಳಲ್ಲಿ ಭಾಗವಾಗಿ ಆ ಮನೆ ಕೆಡವಿದರು. ಮಗ-ಸೊಸೆ ಒಂಟಿ ಕೋಣೆ ಹಿಡಿದರು; ಪಿಳ್ಳಮ್ಮ ಸೋಲದೇವನಹಳ್ಳಿಯಿಂದಾಚೆ ಮಗಳ ಊರಿಗೆ ಹೊರಟರು. ಟೆಂಪೊ ಹತ್ತುವಾಗ ಚಕ್ಕುಲಿಯ ಡಬ್ಬ ನನ್ನ ಕೈಗಿಟ್ಟು, "ಗೋಡೌನ್ ಮಾಡ್ಕೊಬ್ಯಾಡ ಮನೇನ" ಎಂದರು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಫೋನಿನಲ್ಲಿ. ಮಗಳ ಫೋನಿನಿಂದ ವಿಡಿಯೊ ಕಾಲ್ ಬಂತು. ಮೊದಲು ಹುಲ್ಲಿನ ಮೆದೆ ಕಂಡಿತು, ಆಮೇಲೆ ಒಂದು ಮೇಕೆ, ಆಮೇಲೆ ಪಿಳ್ಳಮ್ಮನ ಮೂಗುಬೊಟ್ಟು.

"ಕಾನ್ವೆಂಟಮ್ಮ! ಕಾಣುಸ್ತೀನಾ? ಇದು ಪಕ್ಕದ ನಂಜಮ್ಮನ ಇತ್ಲು. ನಮ್ಮನೇಲಿ ಒಂದ್ ಕಡ್ಡೀನೂ ಬರಾಕಿಲ್ಲ ಕಣಮ್ಮ, ಯಾವ್ ಬಣ್ಣದ್ದೂ! ಊರ್ನೋರೆಲ್ಲಾ ಸಂಜೀಕೆ ಇಲ್ಲೇ. ಯಾರ್ ಮನೇಲಿ ಏನ್ ನಡೀತೈತೆ ಎಲ್ಲಾ ಗೊತ್ತಾಯ್ತದೆ. ನಂಜಮ್ಮ ಕಾಫೀನೂ ಕೊಡ್ತಾಳೆ, ನೀರ್ ನೀರು, ಓಗ್ಲಿ ಬಿಡು." ಹಿಂದಿನಿಂದ ಯಾರೋ ಹೆಂಗಸು, "ಏಯ್ ಪಿಳ್ಳಮ್ಮೋ, ಕೇಳುಸ್ತು!" ಎಂದು ಕೂಗಿದರು. ಪಿಳ್ಳಮ್ಮ ಪರದೆಗೆ ಇನ್ನಷ್ಟು ಹತ್ತಿರ ಬಂದರು. ದನಿ ಮೊದಲ ಬಾರಿಗೆ ನನ್ನಷ್ಟೇ ಮೆಲ್ಲಗಾಯಿತು.

"ಆ ಸಿಮ್ಮಿನ ಉಡ್ಗಿ ಸಿಕ್ರೆ ಒಂದ್ ಮಾತ್ ಯೋಳು. ಈ ಕಡೀಕ್ ಮಾತ್ರ ವಾಲ್ವ್ ತಿರುಗುಸ್ಬ್ಯಾಡ ಅನ್ನು. ಬೇಕಾದ್ರೆ ಚಕ್ಲಿ ಕಳುಸ್ತೀನಿ."

ಹೇಳಿ ನಕ್ಕರು. ಬಾಯ್ತುಂಬ ನಗುವಾಗಲೇ ಚಿತ್ರ ನಿಂತುಬಿಟ್ಟಿತು. ಆ ನಗುವಿನ ಮೇಲೆ ಗಾಣ ಸುತ್ತತೊಡಗಿತು. ನಾನು ಫೋನ್ ಇಡಲಿಲ್ಲ. ಒಳಗೆ ಹೋಗಿ ಒಂದು ಲೋಟ ಕಾಫಿ ಮಾಡಿಕೊಂಡು ಬಂದು, ಅದರ ಮುಂದೆ ಕೂತೆ.