ಮೇಕೆಮರಿಯ ಹೊಟ್ಟೆಯ ಮೇಲಿನ ಬೆರಳಚ್ಚು

ಎರಡು ಸಾವಿರದ ಐದಾರರ ಸುಮಾರಿಗೆ ನಾನು ಹೊಸೂರಿನ ಒಂದು ಸಣ್ಣ ಆಫೀಸಿನಲ್ಲಿ ಹಳೆಯ ಕಾರ್ಟೂನ್ ಚಿತ್ರಗಳನ್ನು ಶುಚಿಮಾಡುವ ಕೆಲಸಕ್ಕಿದ್ದೆ. ಚೆನ್ನೈನಲ್ಲಿ ರೀಲುಗಳನ್ನು ಸ್ಕ್ಯಾನ್ ಮಾಡಿ ಹಾರ್ಡ್‌ಡಿಸ್ಕಿನಲ್ಲಿ ಕಳಿಸುತ್ತಿದ್ದರು. ನಾವು ಒಂದೊಂದೇ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಗೀರು, ಧೂಳು, ಬೂಷ್ಟಿನ ಕಲೆ ಅಳಿಸಬೇಕು. ತೆರೆಯ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ದೃಶ್ಯಕ್ಕೆ ನಮ್ಮ ಅರ್ಧ ದಿನ ಹೋಗುತ್ತಿತ್ತು.

ಹತ್ತಿರದ ನಮ್ಮೂರು ತಳಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅಮ್ಮನಿಗೆ ನನ್ನ ಕೆಲಸ ವಿವರಿಸಿದಾಗ ಆಕೆ ನಕ್ಕಿದ್ದಳು. "ಮನೇಲಿ ಒಂದಿನ ಪೊರಕೆ ಮುಟ್ಟಾಕಿಲ್ಲ, ಅಲ್ಲೋಗಿ ಧೂಳು ಒರಸ್ತೀಯಾ?"

ಆಗ ಬಂದದ್ದು ಮೋಡದ ಹಿಂದೆ ಹೋಗುವ ಮೇಕೆಮರಿಯ ಚಿತ್ರ. ಕೋಲಾರದ ಕಡೆಯ ಗಂಡಹೆಂಡತಿ ಮನೆಯಲ್ಲೇ ಕೂತು ಮಾಡಿದ್ದು. ಪಾರದರ್ಶಕ ಹಾಳೆಗಳ ಮೇಲೆ ಗಂಡ ಗೆರೆ ಎಳೆದರೆ ಹೆಂಡತಿ ಬಣ್ಣ ತುಂಬುತ್ತಿದ್ದರು. ಇಬ್ಬರೂ ತೀರಿಹೋಗಿದ್ದರು. ನಮಗೆ ಕೆಲಸ ಒಪ್ಪಿಸಿದ್ದು ಅವರ ಮಗಳು, ನಿವೃತ್ತ ಶಾಲಾ ಶಿಕ್ಷಕಿ.

ಮರಿ ನಿಂತು ಆಕಾಶ ನೋಡುವ ಕಡೆ ಹೊಟ್ಟೆಯ ಬಿಳುಪಿನಲ್ಲಿ ಏನೋ ಮಸುಕಾಗಿ ಕಂಡಿತು. ದೊಡ್ಡದು ಮಾಡಿ ನೋಡಿದರೆ ಸುಳಿಸುಳಿಯಾದ ಗೆರೆಗಳು. ಹಸಿ ಬಣ್ಣಕ್ಕೆ ತಾಗಿದ ಹೆಬ್ಬೆರಳು. ಮರಿ ನಿಂತಷ್ಟು ಹೊತ್ತೂ ಅದೇ ಹಾಳೆಯನ್ನು ಬಳಸಿದ್ದರಿಂದ ಸಾಲಾಗಿ ಹತ್ತಾರು ಚಿತ್ರಗಳಲ್ಲಿ ಅದೇ ಗುರುತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಕೃಷ್ಣಗಿರಿಯ ಗೆಳತಿ ಬಗ್ಗಿ ನೋಡಿ, "ಪಾವಂ, ಪಾಪ, ಅಳಿಸ್ಬೇಡ ಕಣೇ. ಇದು ಆಯಮ್ಮನ ಕೈ" ಎಂದಳು.

ನಮ್ಮ ಮೇಲ್ವಿಚಾರಕರು ಪರದೆ ನೋಡಿ ಹೇಳಿದರು, "ಆಮೇಲೆ ಅಂಟಿದ ಕೊಳೆ ತೆಗೀಬೇಕು. ಮಾಡಿದವರ ಕೈಯಿಂದ ಆಗಿದ್ದನ್ನ ಮುಟ್ಟಬಾರದು. ಆದ್ರೆ ಇದು ತಪ್ಪಿ ಆಗಿದ್ದು. ಅವರ ಮಗಳನ್ನೇ ಕರೆಸಿ ಕೇಳೋಣ."

ಮುಂದಿನ ವಾರ ಆಕೆ ಬಂದರು. ನಾನು ಆ ಗುರುತನ್ನು ಪರದೆ ತುಂಬುವಷ್ಟು ಹಿಗ್ಗಿಸಿ ಇಟ್ಟಿದ್ದೆ. ಆಕೆ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಅಮ್ಮಂದೇ. ಅಡ್ಡಕ್ಕೆ ಗೆರೆ ಐತಲ್ಲ, ಅದು ಈಳಿಗೆಮಣೆ ಕೊಯ್ದ ಗಾಯ."

ಗೆಳತಿ ನನ್ನ ಭುಜ ಒತ್ತಿದಳು. ಉಳಿಯಿತು ಎಂದೇ ನಾವಿಬ್ಬರೂ ಅಂದುಕೊಂಡೆವು. ಆದರೆ ಆಕೆ, "ಅಳಿಸ್ಬುಡಿ" ಎಂದರು.

"ಒಂದ್ಸಲ ಯೋಚನೆ ಮಾಡಿ ಅಮ್ಮಾ," ಗೆಳತಿ ತಡೆಯಲಾರದೆ ಹೇಳಿದಳು.

"ಯೋಚನೆ ಮಾಡೇ ಹೇಳ್ತಿರೋದು. ನಮ್ಮಮ್ಮ ಅಡುಗೆ ಮುಗಿಸಿ, ಸೀಗೆಪುಡಿ ಹಾಕಿ ಕೈ ಉಜ್ಕೊಂಡು ಬಣ್ಣಕ್ಕೆ ಕೂರೋರು. ಬೆರಳು ತಾಗಿದ್ರೆ ಹಾಳೆ ತೊಳೆದು ಮತ್ತೆ ಹಚ್ಚೋರು, ಅಪ್ಪನಿಗೂ ತೋರಿಸ್ತಿರ್ಲಿಲ್ಲ. ಇದೊಂದು ಕಣ್ತಪ್ಪಿ ಹೋಗೈತೆ."

ಮೇಲ್ವಿಚಾರಕರು ನನ್ನತ್ತ ತಲೆಯಾಡಿಸಿದರು. ಆಕೆ ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. ನನಗೆ ಮನಸ್ಸಿರಲಿಲ್ಲ. ಆದರೂ ಹೊಟ್ಟೆಯ ಇನ್ನೊಂದು ಭಾಗದಿಂದ ಬಿಳಿ ಬಣ್ಣ ತೆಗೆದು ಗೆರೆಗಳ ಮೇಲೆ ಹಚ್ಚುತ್ತ ಹೋದೆ. ಆ ಬಿಳುಪೂ ಅವರ ತಾಯಿಯೇ ಬಳಿದದ್ದು ಎಂಬ ಯೋಚನೆ ಕೈಗೆ ಸ್ವಲ್ಪ ಧೈರ್ಯ ಕೊಟ್ಟಿತು. ಕೊನೆಯ ಚಿತ್ರದಲ್ಲಿ ಆಕೆ "ತಡೀರಿ" ಎಂದರು. ನಾನು ಮೌಸಿನಿಂದ ಕೈ ತೆಗೆದೆ. ಆ ಅಡ್ಡಗೆರೆಯನ್ನು ಇನ್ನೊಮ್ಮೆ ಬಗ್ಗಿ ನೋಡಿ "ಹೂಂ" ಎಂದರು.

ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ದಾರಿಯಲ್ಲಿ ಕೇಳಿಯೇಬಿಟ್ಟೆ, "ನಿಮಗೆ ಬೇಜಾರಾಗ್ಲಿಲ್ವಾ?"

"ಆಗ್ದೆ ಇರ್ತದಾ? ಆದ್ರೆ ಅವರ ಕೈ ಸವೆಸಿದ ಪಾತ್ರೆಪಗಡ ಮನೇಲಿ ಬೇಕಾದಷ್ಟೈತೆ ಕಣಮ್ಮ. ನಾಲ್ಕು ಜನ ನೋಡೋ ಜಾಗ್ದಾಗೆ ಅವರ ಕೆಲಸ ಚೆನ್ನಾಗಿ ಕಾಣ್ಲಿ."

ಗೆಳತಿಗೆ ಆ ದಿನವೆಲ್ಲ ನನ್ನ ಮೇಲೆ ಸಿಟ್ಟಿತ್ತು. ಮೂಲ ರೀಲಿನಲ್ಲಿ ಗುರುತು ಹಾಗೇ ಇದೆಯಲ್ಲ ಎಂದು ನಾನು ಸಮಾಧಾನ ಹೇಳಿದರೆ, "ಡಬ್ಬ ತೆಗೆದು ಯಾರ್ ನೋಡ್ತಾರೆ?" ಎಂದಳು.